ಮೂವರು ಗೆಳೆಯರ ಸೈಕಲ್ ಸವಾರಿ

ಜೆರೋಮ್ ಕೆ. ಜೆರೋಮ್ ಎಂದರೆ ನಮಗೆ ದೋಣಿಯಲ್ಲಿ ಹೋದ ಮೂವರು ನೆನಪಾಗುತ್ತಾರೆ. ಅದೇ ಗೆಳೆಯರು ಜರ್ಮನಿ ಸುತ್ತುವ ‘ತ್ರೀ ಮೆನ್ ಆನ್ ದಿ ಬಮ್ಮೆಲ್’ (1900) ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ಪೇಚಾಟಗಳಿಗೇನೂ ಬರವಿಲ್ಲ. ಜಾರ್ಜ್ ಅಂಗಡಿಯಲ್ಲಿ ದಿಂಬು ಕೇಳಲು ಹೋಗಿ ಮುತ್ತು ಕೊಡಿ ಎನ್ನುತ್ತಾನೆ. ಜರ್ಮನ್ ಭಾಷೆಯಲ್ಲಿ ಒಂದು ಸ್ವರ ತಪ್ಪಿದರೆ ಸಾಕು. ಆನ್‌ಸೈಟ್ ಹೋಗಿಬಂದ ನಾವೂ ಇಂಥ ಕತೆ ಹೇಳಿ ನಗುತ್ತೇವೆ. ಆದರೆ ನಮ್ಮ ಕತೆಗಳಲ್ಲಿ ಪೆದ್ದರಾಗುವವರು ಹೆಚ್ಚಾಗಿ ಅಲ್ಲಿಯವರು. ಇಲ್ಲಿ ಮೊದಲು ಪೆದ್ದರಾಗುವವರು ಗೆಳೆಯರೇ. ಹಾಗಾಗಿಯೇ ಜೆರೋಮ್ ಆಮೇಲೆ ಜರ್ಮನರ ಬಗ್ಗೆ ಹೇಳುವುದನ್ನು ನಂಬಬೇಕೆನಿಸುತ್ತದೆ.

ಎಲ್ಲದಕ್ಕೂ ಪೊಲೀಸಿನವನ ಮುಖ ನೋಡುವ ಅವರ ಶಿಸ್ತನ್ನು ಗೇಲಿ ಮಾಡುತ್ತಲೇ, ಆಳುವ ಯಂತ್ರ ಕೆಟ್ಟರೆ ಈ ಜನಕ್ಕೆ ಕಷ್ಟಕಾಲ ಶುರುವಾದೀತು ಎಂದು ಕೊನೆಗೆ ಎಚ್ಚರಿಸುತ್ತಾನೆ. 14 ವರ್ಷಗಳ ಬಳಿಕ ಯುದ್ಧ ಬಂತು. ಐವತ್ತು ದಾಟಿದ್ದ ಜೆರೋಮ್ ಫ್ರೆಂಚರ ಪರವಾಗಿ ಆಂಬುಲೆನ್ಸ್ ಓಡಿಸಿದ.

ನನ್ನ ಆಕ್ಷೇಪ ಒಂದೇ: ಕೋಟ್ಯಂತರ ಜನರನ್ನು ಆತ ‘ಜರ್ಮನ್’ ಎಂಬ ಒಬ್ಬನೇ ಮನುಷ್ಯನನ್ನಾಗಿ ಮಾಡಿಬಿಡುತ್ತಾನೆ. ‘ಅಲ್ಲಿಯವರು ಹೀಗೇ’ ಎನ್ನುವ ಚಟ ನನಗೂ ಇದೆ. ಈಗ ಆ ಮಾತು ಬಾಯಿಗೆ ಬಂದಾಗ, ಆ ಊರಲ್ಲಿ ನಾನು ಪೆದ್ದನಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ.