ನಾಲ್ಕು ಗೋಡೆಗೂ ಮಣ್ಣುಬಣ್ಣ

ಅಂಗಡಿಯ ಶೇಡ್ ಕಾರ್ಡಿನಲ್ಲಿ ‘ಟ್ಯಾನ್’ ಎಂದು ಕರೆಯಲಾಗುವ, ಹಳದಿ ಬೆರೆತ ಬೆಚ್ಚನೆಯ ತಿಳಿಗಂದನ್ನು ಮನೆಯ ಒಳಗೋಡೆಗಳಿಗೆಲ್ಲ ಬಳಿಸುವುದು ನಗರದ ಅಪಾರ್ಟ್‌ಮೆಂಟುಗಳಲ್ಲಿ ಸದಭಿರುಚಿಯ ಲಕ್ಷಣವೆನಿಸಿಕೊಂಡಿದೆ. ಅದು ಯಾವ ಪೀಠೋಪಕರಣಕ್ಕೂ ಹೊಂದುತ್ತದೆ, ಕೊಳೆಯನ್ನು ಎತ್ತಿ ತೋರಿಸುವುದಿಲ್ಲ, ಮನೆಗೆ ಮಣ್ಣಿನ ಸೊಗಡು ತರುತ್ತದೆ ಎಂಬ ಮೂರು ಹೊಗಳಿಕೆಗಳಲ್ಲಿ ಮೊದಲೆರಡನ್ನು ವಾದವಿಲ್ಲದೆ ಒಪ್ಪಬಹುದು. ಆದರೆ ಈ ಬಣ್ಣದ ಕೀರ್ತಿ ನಿಂತಿರುವುದು ಮೂರನೆಯದರ ಮೇಲೆ, ಮತ್ತು ಆ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು.

ಹೆಸರಿನ ಮಟ್ಟಿಗೇ ಹೇಳುವುದಾದರೆ, ‘ಟ್ಯಾನ್’ ಮಣ್ಣಿಗೆ ಸಂಬಂಧಿಸಿದ ಪದವಲ್ಲ. ಯುರೋಪಿನಲ್ಲಿ ಚರ್ಮ ಹದಮಾಡಲು ಬಳಸುತ್ತಿದ್ದ ಓಕ್ ತೊಗಟೆಯಿಂದ, ಅಂದರೆ ಇಲ್ಲಿ ತಂಗಡಿ ಗಿಡದ ತೊಗಟೆ ಮಾಡುತ್ತಿದ್ದ ಕೆಲಸದಿಂದ, ಅದು ಬಂದಿದೆ. ಹೆಸರು ಏನೇ ಇರಲಿ, ಡಬ್ಬಿಯೊಳಗೆ ಮಣ್ಣಿನ ಅಂಶ ಇಲ್ಲವೆನ್ನಲಾಗದು: ಹಳದಿ ಮಣ್ಣಿಗೆ ಬಣ್ಣ ಕೊಡುವ ಗೋಥೈಟ್ ಎಂಬ, ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡೂ ಕಾರ್ಖಾನೆಯ ಹಳದಿ ಆಕ್ಸೈಡೂ ರಾಸಾಯನಿಕವಾಗಿ ಒಂದೇ. ಆದರೆ ಮಣ್ಣುಗೋಡೆಯ ಮೇಲೆ ಬೆಳಕು ಮರಳಿನ ಕಣ, ಹುಲ್ಲಿನ ಎಳೆ, ಸಾರಿಸಿದ ಕೈಯ ಬೆರಳಗುರುತುಗಳ ನಡುವೆ ಸಿಕ್ಕಿ ನೂರು ಸಣ್ಣ ನೆರಳುಗಳಾಗಿ ಒಡೆಯುತ್ತದೆ. ಪುಟ್ಟಿ ಹಚ್ಚಿ, ಉಜ್ಜಿ, ರೋಲರಿನಿಂದ ಎರಡು ಕೋಟ್ ಎಮಲ್ಷನ್ ಎಳೆದ ಗೋಡೆಯಲ್ಲಿ ಆ ನೆರಳುಗಳಿಗೆ ಜಾಗವೇ ಇರುವುದಿಲ್ಲವಾದ್ದರಿಂದ, ಬಣ್ಣ ಉಳಿದರೂ ಮಣ್ಣು ಉಳಿಯುವುದಿಲ್ಲ.

ಇದಕ್ಕಿಂತ ಗಂಭೀರವಾದ ದೋಷ ಬೆಳಕಿನ ಲೆಕ್ಕದಲ್ಲಿದೆ. ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದನ್ನು ಪ್ರತಿಫಲನ ಪ್ರಮಾಣ ಎನ್ನುತ್ತಾರೆ. ಒಳ್ಳೆಯ ಬಿಳಿಗೆ ಅದು 85 ಎಂದೂ ನಡುಮಟ್ಟದ ಟ್ಯಾನ್‌ಗೆ 45 ಎಂದೂ ಹಿಡಿದರೆ, ಕಿಟಕಿಯ ಬೆಳಕು ಒಂದು ಗೋಡೆಗೆ ಬಡಿದು ಎದುರು ಗೋಡೆಯಿಂದ ಮರಳುವ ಹೊತ್ತಿಗೆ ಬಿಳಿಯ ಕೋಣೆಯಲ್ಲಿ ಅದರ 72 ಪಾಲು ಉಳಿದಿದ್ದರೆ ಟ್ಯಾನ್ ಬಳಿದ ಕೋಣೆಯಲ್ಲಿ ಉಳಿಯುವುದು 20 ಪಾಲು ಮಾತ್ರ. ಪ್ರತಿ ಬಡಿತದಲ್ಲೂ ನೀಲಿಯ ಅಂಶ ಹೆಚ್ಚಾಗಿ ಹೀರಿಹೋಗಿ ಹಳದಿ–ಕೆಂಪು ಮಿಗುವುದರಿಂದ, ಉಳಿದ ಬೆಳಕು ಮೊದಲಿಗಿಂತ ಕಂದಾಗುತ್ತದೆ. ಅಂಗೈಯಗಲದ ಶೇಡ್ ಕಾರ್ಡು ತೋರಿಸುವುದು ಒಂದೇ ಬಡಿತವನ್ನು. ಕೋಣೆ ತೋರಿಸುವುದು ಹಲವು ಬಡಿತಗಳ ಮೊತ್ತವನ್ನು. ಕಾರ್ಡಿನಲ್ಲಿ ಹಿತವಾಗಿ ಕಂಡದ್ದು ಗೋಡೆಯ ಮೇಲೆ ಮಂಕಾಗಿ ಕವಿಯುವುದಕ್ಕೆ ಪೇಂಟರನ್ನು ದೂರುವುದು ಆದ್ದರಿಂದ ಅನ್ಯಾಯ.

ಉತ್ತರದ ಕಿಟಕಿಯ ಕೋಣೆ ತಣ್ಣಗಿರುತ್ತದೆ, ಅದಕ್ಕೆ ಬೆಚ್ಚನೆಯ ಬಣ್ಣವೇ ಮದ್ದು ಎಂಬ ಒಳಾಂಗಣ ಲೇಖಕರ ಉಪದೇಶ ಯುರೋಪಿನ ಅಕ್ಷಾಂಶಕ್ಕೆ ಸರಿಯಿರಬಹುದು. ಸುಮಾರು 13 ಡಿಗ್ರಿ ಉತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಪಕ್ಕದ ಕಟ್ಟಡ ಕಿಟಕಿಗೆ ಅಡ್ಡ ನಿಂತ ಇಲ್ಲಿನ ಕೋಣೆಗಳ ಕೊರತೆ ಬೆಳಕಿನದೇ ಹೊರತು ಬಿಸುಪಿನದಲ್ಲ.

ಎದುರು ಪಕ್ಷದ ಬಿಳಿಯ ಭಕ್ತರೂ ವಾದದಲ್ಲಿ ಹೆಚ್ಚು ಪ್ರಾಮಾಣಿಕರಲ್ಲ. ಪ್ರತಿ ಮನೆಯ ಗೋಡೆಯೂ ಬಿಳಿಯಾಗಬೇಕೆಂದು 1925ರಲ್ಲಿ ಬರೆದ ಲ ಕಾರ್ಬ್ಯುಸಿಯೆಯನ್ನು ಅವರು ಶಾಸ್ತ್ರದಂತೆ ಉದ್ಧರಿಸುತ್ತಾರೆ. ಅದೇ ವಾಸ್ತುಶಿಲ್ಪಿ 1931ರಲ್ಲಿ ಸಾಲುಬ್ರಾ ಸಂಸ್ಥೆಯ ಗೋಡೆಕಾಗದಗಳಿಗೆ ಆರಿಸಿದ ಬಣ್ಣಗಳಲ್ಲಿ ಮಣ್ಣಿನ ಕಂದುಗಳೂ ಇದ್ದವು ಎಂಬುದನ್ನು ಮಾತ್ರ ಹೇಳದೆ ಬಿಡುತ್ತಾರೆ. ಬಣ್ಣವನ್ನು ಮತವನ್ನಾಗಿ ಮಾಡಿಕೊಂಡವರಿಗೆ ಬಣ್ಣ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಹೊಳೆಯುವುದೇ ಇಲ್ಲ.

ಆ ಪ್ರಶ್ನೆಗೆ ಹಳ್ಳಿಯ ಮನೆಗಳು ಉತ್ತರ ಕೊಟ್ಟು ಬಹುಕಾಲವಾಗಿದೆ. ಅಲ್ಲಿ ಗೋಡೆಯ ಮೈಗೆ ಸುಣ್ಣ, ಮಳೆಹನಿ ಸಿಡಿಯುವ ಮತ್ತು ಕೂತವರ ಬೆನ್ನು ತಾಗುವ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಗೋಡೆಯ ಮೈಗೂ ಕೆಮ್ಮಣ್ಣು ಬಳಿಯುವ ಮಲೆನಾಡಿನ ದೀವರ ಹೆಂಗಸರು ಅದನ್ನು ಖಾಲಿ ಬಿಡದೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅಲ್ಲಿ ಕೆಂಪು ಎಂಬುದು ಬಿಳಿಗೆ ಹಾಸಿದ ನೆಲ. ಎರಡರಲ್ಲೂ ಮಣ್ಣುಬಣ್ಣಕ್ಕೆ ಒಂದು ಕೆಲಸವಿದೆ, ಎದುರಿಗೆ ಬಿಳಿಯೂ ಇದೆ. ಇಂದಿನ ಮನೆಯಲ್ಲೂ ಸೊಂಟದೆತ್ತರದವರೆಗೆ, ಇಲ್ಲವೇ ಕಿಟಕಿಗೆ ಎದುರಾಗದ ಒಂದು ಗೋಡೆಗೆ ಟ್ಯಾನ್ ಬಳಿದು ಉಳಿದುದನ್ನು ಬಿಳಿಗೆ ಬಿಟ್ಟರೆ ಅದು ಸಹ್ಯವಾಗುತ್ತದೆ. ನಾಲ್ಕು ಗೋಡೆಗೂ ಬಳಿದಾಗ ಹಗಲಿನಲ್ಲೂ ದೀಪ ಹಾಕಬೇಕಾಗುತ್ತದೆ.