ಮಾಗ್‌ಗೆ ವಿದಾಯ ಹೇಳಿದ ಅಜ್ಜಿ

ಪುಟಾಣಿಗಳ ಚಿತ್ರ ಪುಸ್ತಕದ ಆರಂಭದಲ್ಲೇ ಕಥಾನಾಯಕಿ ಸಾಯಬಹುದೇ? ಬ್ರಿಟನ್ನಿನ ಲೇಖಕಿ, ಚಿತ್ರಗಾರ್ತಿ ಜೂಡಿತ್ ಕೆರ್ 2002ರಲ್ಲಿ ಆ ಧೈರ್ಯ ಮಾಡಿದರು. ಆಗ ಅವರಿಗೆ 79ರ ಆಸುಪಾಸು. 1970ರಿಂದ ಮಕ್ಕಳು ಮುದ್ದಿಸಿಕೊಂಡು ಬಂದಿದ್ದ ಮರೆಗುಳಿ ಬೆಕ್ಕು ಮಾಗ್, 'ಗುಡ್‌ಬೈ ಮಾಗ್' ಪುಸ್ತಕದಲ್ಲಿ ದಣಿದು ಮಲಗುತ್ತಾಳೆ, ಮತ್ತೆ ಏಳುವುದಿಲ್ಲ. ಆದರೆ ಮುಂದೇನಾಗುವುದೋ ನೋಡೋಣವೆಂದು ಅವಳದೊಂದು ಅಂಶ ಮಾತ್ರ ಎಚ್ಚರವಾಗಿಯೇ ಉಳಿಯುತ್ತದೆ.

ಮನೆಯವರು ಅಳುತ್ತಾರೆ. ಬಳಿಕ ಒಂದು ಮರಿಬೆಕ್ಕು ಬರುತ್ತದೆ, ಸದ್ದಾದರೆ ಸಾಕು ಬೆದರುವ ಪುಕ್ಕಲು. ಅದನ್ನು ಕಂಡರಾಗದ ಮಾಗ್‌ಳೇ ಕೊನೆಗೆ ಅದನ್ನು ಪುಟ್ಟ ಡೆಬ್ಬಿಯ ಕೈಗೆ ಸೇರಿಸುತ್ತಾಳೆ. ಮನೆಯವರಿಗೆ ಕಾಣದ ಮಾಗ್, ಓದುವ ಮಗುವಿಗೆ ಕಾಣುತ್ತಾಳೆ. ಈ ಪುಸ್ತಕದ ಶಕ್ತಿ ಇರುವುದು ಇಲ್ಲಿ ಎಂದು ನಮಗನಿಸುತ್ತದೆ. ಸಾವಿನ ಮನೆಯಿಂದ ಮಕ್ಕಳನ್ನು ಮೆಲ್ಲನೆ ಪಕ್ಕದ ಮನೆಗೆ ಸಾಗಹಾಕುವವರು ನಾವು. ಕೆರ್ ಅವರನ್ನು ಒಳಗೆ ಕರೆದು, ದೊಡ್ಡವರಿಗೂ ಕಾಣದ್ದನ್ನು ತೋರಿಸುತ್ತಾರೆ.

ಅವರಿಗೆ ಕಳಕೊಳ್ಳುವುದು ಹೊಸತಲ್ಲ. 1923ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ತಂದೆ ಆಲ್ಫ್ರೆಡ್ ಕೆರ್ ಹೆಸರಾಂತ ನಾಟಕ ವಿಮರ್ಶಕ, ನಾಜಿಗಳ ಕಡುವಿರೋಧಿ. 1933ರಲ್ಲಿ ಕುಟುಂಬ ದೇಶ ಬಿಟ್ಟಿತು. ತಂದೆಯ ಪುಸ್ತಕಗಳು ಬೆಂಕಿಗೆ ಬಿದ್ದವು. ಸ್ವಿಟ್ಜರ್‌ಲೆಂಡ್, ಪ್ಯಾರಿಸ್ ದಾಟಿ ಅವರು ಲಂಡನ್ ಸೇರಿದ್ದು 1936ರಲ್ಲಿ. ಬರ್ಲಿನ್‌ನಲ್ಲೇ ಉಳಿದುಹೋದ ಗೊಂಬೆಯ ನೆನಪು 1971ರ 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್' ಕಾದಂಬರಿಯಾಯಿತು.

ಹೀಗಿರುವುದರಿಂದಲೇ ಅವರ ಮೊದಲ ಪುಸ್ತಕ 'ದಿ ಟೈಗರ್ ಹೂ ಕೇಮ್ ಟು ಟೀ'ಯಲ್ಲೂ (1968) ಹಿಟ್ಲರನನ್ನು ಹುಡುಕುವ ಆಸೆ ಹಲವರಿಗೆ. ಹುಲಿಯೊಂದು ಬಾಗಿಲ ಗಂಟೆ ಬಾರಿಸಿ ಒಳಬಂದು ಮನೆಯ ತಿಂಡಿಯನ್ನೆಲ್ಲ ತಿಂದು, ನಲ್ಲಿ ನೀರನ್ನೂ ಬರಿದು ಮಾಡಿ ಹೋಗುತ್ತದೆ. ಮಕ್ಕಳ ಕವಿ ಮೈಕೆಲ್ ರೋಸೆನ್‌ಗೆ ಅದರಲ್ಲಿ ಬಾಗಿಲು ಬಡಿಯುವ ಗೆಸ್ಟಾಪೊ ಪೊಲೀಸರ ನೆರಳು ಕಂಡಿತ್ತು. ಹುಲಿ ಬರೀ ಹುಲಿ ಎಂದರು ಕೆರ್. ಮಗಳೊಂದಿಗೆ ಮೃಗಾಲಯಕ್ಕೆ ಹೋಗಿ ಬರುತ್ತಿದ್ದ ದಿನಗಳಲ್ಲಿ ಅವಳಿಗಾಗಿ ಕಟ್ಟಿದ ಕತೆಯದು. ನಾವು ಲೇಖಕಿಯ ಪಕ್ಷ. ಹುಲಿ ಹೋದ ಮೇಲೆ ಪುಟ್ಟ ಸೋಫಿ ಅಪ್ಪ ಅಮ್ಮನ ಜೊತೆ ಕತ್ತಲ ಬೀದಿಯಲ್ಲಿ ನಡೆದು ಹೋಟೆಲಿಗೆ ಹೋಗುತ್ತಾಳೆ. ಮತ್ತೆ ಬಂದರೆ ಇರಲೆಂದು ಹುಲಿಗೂ ಡಬ್ಬಿಯಲ್ಲಿ ಆಹಾರ ತಂದಿಡುತ್ತಾರೆ. ಗೆಸ್ಟಾಪೊಗೆ ಯಾರಾದರೂ ಊಟ ಎತ್ತಿಡುತ್ತಾರೆಯೇ? (ಏನೂ ತೋಚದೆ ಗಂಡ ಬರುವವರೆಗೆ ಕಾಯುವ ಅಮ್ಮನ ಪಾತ್ರ ಮಾತ್ರ ಇಂದು ಹಳತೆನಿಸುತ್ತದೆ.)

2006ರಲ್ಲಿ ಪತಿ, ಚಿತ್ರಕಥೆಗಾರ ನೈಜಲ್ ನೀಲ್ ತೀರಿಕೊಂಡರು. 2011ರ 'ಮೈ ಹೆನ್ರಿ'ಯಲ್ಲಿ ಒಬ್ಬ ಅಜ್ಜಿ ಸತ್ತ ಗಂಡನೊಡನೆ ದಿನವೂ ಕಲ್ಪನೆಯಲ್ಲೇ ಸಾಹಸಕ್ಕೆ ಹೊರಡುತ್ತಾಳೆ. ಸೊಗಸಾಗಿದೆ, ಆದರೆ ಅದು ದೊಡ್ಡವರ ದುಃಖ. ಮಗುವಿಗೆ ಅಲ್ಲಿ ಕೆಲಸ ಕಡಿಮೆ. ಕೆರ್ 2019ರ ಮೇ ತಿಂಗಳಲ್ಲಿ, 95ನೇ ವಯಸ್ಸಿನಲ್ಲಿ ನಿಧನರಾದರು.

ನಮ್ಮ ಮನಸ್ಸು ಮರಳುವುದು ಮಾಗ್‌ಳತ್ತಲೇ. ನಿನ್ನನ್ನೆಂದೂ ಮರೆಯೆನೆಂದು ಡೆಬ್ಬಿ ಹೇಳುವಾಗ ಅವಳು ಕಣ್ಣೀರು ತುಂಬಿಕೊಳ್ಳುವುದಿಲ್ಲ. ಮರೆತೀಯೆ ಹೇಗೆ, ಎಂಬ ಬಿಂಕದಲ್ಲಿ ಸೂರ್ಯನತ್ತ ಹೊರಟುಬಿಡುತ್ತಾಳೆ.