ಗಾಲಿಯ ಮೇಲಿನ ಸಿಂಗಾರ

ಮನೆಯನ್ನು ಅಂದವಾಗಿ ಇಟ್ಟುಕೊಳ್ಳುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳಿಗೂ ಪತ್ರಿಕೆಯ ಪುಟಗಳಿಗೂ ನಮ್ಮಲ್ಲಿ ಎಂದೂ ಬರ ಬಂದದ್ದಿಲ್ಲ. ಹಳೆಯ ಸೀರೆಯಿಂದ ಪರದೆ, ಒಡೆದ ಬಳೆಯಿಂದ ಹೂದಾನಿ, ಉಲ್ಲನ್ನಿನ ತುಂಡಿನಿಂದ ತೋರಣ ಇವನ್ನೆಲ್ಲ ಓದಿ, ಒಂದೆರಡನ್ನು ಮಾಡಿ, ಮೂರನೆಯದಕ್ಕೆ ಕೈಸೋತು ಬಿಟ್ಟವರೇ ನಾವೆಲ್ಲ. ಈಗ ಅದೇ ಪುಟಗಳಿಗೆ ಹೊಸದೊಂದು ವಸ್ತು ಬಂದಿದೆ. ಕಾಲಿಗೆ ಗಾಲಿ ಕಟ್ಟಿಕೊಂಡಿರುವುದರಿಂದ ಉರುಳಿ ಬಂದಿದೆ ಎನ್ನುವುದೇ ಸರಿ. ಅದರ ಹೆಸರು ಬಾರ್ ಕಾರ್ಟ್. ಎರಡು ಅಂತಸ್ತಿನ ಪುಟ್ಟ ತಳ್ಳುಮೇಜು. ಮೇಲೆ ಮದ್ಯದ ಬಾಟಲಿಗಳು, ಕೆಳಗೆ ಗಾಜಿನ ಲೋಟಗಳು. ಅದನ್ನು ಸಿಂಗರಿಸುವ ಬಗೆಯನ್ನು ಕುರಿತು ಬಂದಿರುವ ಸಲಹೆಗಳೇ ಒಂದು ಸಾಹಿತ್ಯ ಪ್ರಕಾರವಾಗುವಷ್ಟಿವೆ. ಸಾಹಿತ್ಯವೆಂದ ಮೇಲೆ ವಿಮರ್ಶೆಗೂ ಒಳಗಾಗಬೇಕಲ್ಲ!

ಆ ಸಲಹೆಗಳ ಸಾರ ಇಷ್ಟು. ವಸ್ತುಗಳನ್ನು ಮೂರು, ಐದು ಹೀಗೆ ಬೆಸ ಸಂಖ್ಯೆಯಲ್ಲಿ ಜೋಡಿಸಬೇಕು. ಎತ್ತರದ ಬಾಟಲಿ ಹಿಂದೆ, ಗಿಡ್ಡನೆಯದು ಮುಂದೆ. ಬಾಟಲಿಯ ಚೀಟಿ ನೋಡುವವರ ಕಡೆಗೆ ತಿರುಗಿರಬೇಕು. ಹಿತ್ತಾಳೆಯ ಒಂದು ತಟ್ಟೆ, ಬಟ್ಟಲು ತುಂಬ ನಿಂಬೆಹಣ್ಣು, ಒಂದು ಹಸಿರು ಗಿಡ, ನಾಲ್ಕು ದಪ್ಪ ಪುಸ್ತಕ, ಹಿಂದೆ ಗೋಡೆಗೊಂದು ಕನ್ನಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೆತ್ತನೆ ಕೆಲಸದ ಹರಳುಗಾಜಿನ ಹೂಜಿ.

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ದಸರೆಯ ಗೊಂಬೆ. ನಾವೂ ಮೆಟ್ಟಿಲನ್ನು ಬೆಸ ಸಂಖ್ಯೆಯಲ್ಲೇ ಕಟ್ಟುತ್ತೇವೆ. ಪಟ್ಟದ ಗೊಂಬೆ ಮೇಲೆ, ಶೆಟ್ಟಿ ಶೆಟ್ಟಿತಿಯರ ಅಂಗಡಿ ಕೆಳಗೆ. ಜೋಡಿಸುವ ಸುಖ ಹೆಣ್ಣುಮಕ್ಕಳಿಗೆ ಹೊಸದಲ್ಲ, ಅದನ್ನು ನಾನು ಹಗುರವಾಗಿ ಕಾಣುವವಳೂ ಅಲ್ಲ. ಆದರೆ ಗೊಂಬೆಯ ಸಾಲಿನ ಮುಂದೆ ಮಗುವೊಂದು ನಿಂತು “ಇದೇನು?” ಎಂದು ಕೇಳಿದರೆ ಪ್ರತಿಯೊಂದಕ್ಕೂ ಒಂದು ಕಥೆ ಹೇಳಬಹುದು. ಬಾರ್ ಕಾರ್ಟಿನ ಮುಂದೆ ಅದೇ ಮಗು ಅದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೇವೆ? ಸಲಹೆಯ ಪುಟಗಳು ಇದನ್ನು ಯೋಚಿಸಿದಂತೆಯೇ ಕಾಣುವುದಿಲ್ಲ.

ಸಮಾಜ ಪಾಠ ಹೇಳುವವಳಾದ್ದರಿಂದ ಯಾವ ವಸ್ತುವಿಗೂ ಇತಿಹಾಸ ಹುಡುಕುವ ಚಟ ನನಗೆ. ಈ ಗಾಡಿಯ ವಂಶವೃಕ್ಷ ಇಂಗ್ಲೆಂಡಿಗೆ ಹೋಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಸಿರಿವಂತರ ಊಟದ ಕೋಣೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಇರಿಸಿದಂಥ ಪುಟ್ಟ ಮೇಜೊಂದು ಇರುತ್ತಿತ್ತು. ಅದನ್ನು ಅವರು ‘ಮೂಗ ಪರಿಚಾರಕ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆಳುಗಳು ಎದುರಿಗೆ ನಿಂತಿದ್ದರೆ ಮನೆಯ ಮಾತೆಲ್ಲ ಹೊರಗೆ ಹೋಗುತ್ತದೆಂಬ ಭಯ. ಈ ಮೇಜಾದರೆ ಕಿವಿಯಿಲ್ಲ, ಬಾಯಿಯಿಲ್ಲ. ಮುಂದೆ ಸಂಜೆಯ ಚಹಾ ಕೂಟದ ಕಾಲಕ್ಕೆ ಗಾಲಿಯ ಟೀ ಟ್ರಾಲಿ ಬಳಕೆಗೆ ಬಂತು. ಮೊದಲ ಮಹಾಯುದ್ಧದ ನಂತರ ಮನೆಗೆಲಸದವರು ಸಿಗುವುದು ಕಡಿಮೆಯಾದಾಗ ಅದು ಇನ್ನಷ್ಟು ಬೇಕಾಯಿತು. ಆಳಿನ ಜಾಗಕ್ಕೆ ಗಾಡಿ ಬಂತು. ಆದರೆ ಗಾಡಿ ತಾನಾಗಿಯೇ ನಡೆಯುವುದಿಲ್ಲವಲ್ಲ, ತಳ್ಳಿದವಳು ಮನೆಯೊಡತಿ.

ಈ ಕುಲದಲ್ಲಿ ನಿಜವಾಗಿಯೂ ಸುಂದರವಾದ ಒಂದು ಕೂಸಿದೆ ಎಂಬುದನ್ನೂ ಹೇಳಬೇಕು. ಫಿನ್‌ಲೆಂಡಿನ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1936ರಲ್ಲಿ ಒಂದು, 1937ರಲ್ಲಿ ಇನ್ನೊಂದು ಟೀ ಟ್ರಾಲಿಯನ್ನು ರೂಪಿಸಿದ. ಬರ್ಚ್ ಮರವನ್ನು ಬಾಗಿಸಿ ಮಾಡಿದ ಚೌಕಟ್ಟು, ದೊಡ್ಡ ದೊಡ್ಡ ಗಾಲಿ, ಎರಡನೆಯದಕ್ಕೆ ಮೇಲೆ ಪಿಂಗಾಣಿ ಬಿಲ್ಲೆ, ಜೊತೆಗೆ ಬೆತ್ತದ ಬುಟ್ಟಿ. ಚಿತ್ರದಲ್ಲಿ ನೋಡಿದರೂ ಮನಸ್ಸು ತಣಿಯುತ್ತದೆ. ಬಿಸಿ ಪಾತ್ರೆ ಇಡಲು ಬಿಲ್ಲೆ, ಸಾಮಾನು ತುಂಬಲು ಬುಟ್ಟಿ, ಸಲೀಸಾಗಿ ಉರುಳಲು ದೊಡ್ಡ ಗಾಲಿ. ಅದಕ್ಕೆ ಯಾರೂ ನಿಂಬೆಹಣ್ಣಿನಿಂದ ಸಿಂಗಾರ ಮಾಡಬೇಕಿಲ್ಲ. ಕೆಲಸಕ್ಕೆ ಒದಗುವುದೇ ಅದರ ಚೆಲುವು.

ಟೀ ಟ್ರಾಲಿ ಮದ್ಯದ ಟ್ರಾಲಿಯಾದ ಕಥೆ ಬಹುಮಟ್ಟಿಗೆ ಅಮೆರಿಕದ್ದು. ಅಲ್ಲಿ 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿರೋಧಕ್ಕೆ ಒಳಪಟ್ಟಿತ್ತು. ಅದರ ಹಿಂದೆ 1874ರಲ್ಲಿ ಸ್ಥಾಪನೆಯಾದ ಕ್ರೈಸ್ತ ಮಹಿಳೆಯರ ಪಾನವಿರೋಧಿ ಸಂಘದ ದಶಕಗಳ ದುಡಿಮೆಯಿತ್ತು. ‘ಮನೆಯ ರಕ್ಷಣೆ’ ಎಂಬುದೇ ಅವರ ಘೋಷಣೆ. ವಿಚಿತ್ರವೆಂದರೆ, 1929ರಲ್ಲಿ ಪಾಲಿನ್ ಸೇಬಿನ್ ಎಂಬಾಕೆ ಆ ಕಾನೂನನ್ನು ತೆಗೆಯಬೇಕೆಂದು ಮಹಿಳೆಯರದೇ ಇನ್ನೊಂದು ಸಂಘ ಕಟ್ಟಿದಾಗ ಅವರು ಎತ್ತಿದ್ದೂ ಮನೆ ಮಕ್ಕಳ ಹೆಸರನ್ನೇ. ಕಾನೂನಿನಿಂದ ಕುಡಿತ ನಿಲ್ಲಲಿಲ್ಲ, ಕಳ್ಳ ಅಂಗಡಿಗಳು ಹೆಚ್ಚಿ ಮಕ್ಕಳು ಕೆಡುತ್ತಿದ್ದಾರೆ ಎಂಬುದು ಅವರ ವಾದ. 1933ರ ಡಿಸೆಂಬರ್ 5ರಂದು ನಿಷೇಧ ಹೋಯಿತು. ಅಷ್ಟು ಹೊತ್ತಿಗೆ ಗಂಡಸರ ಪಡಖಾನೆಯಲ್ಲಿದ್ದ ಮದ್ಯ ಮನೆಯ ಹಜಾರಕ್ಕೆ ಬಂದಾಗಿತ್ತು. ಹಜಾರಕ್ಕೆ ಬಂದ ಮೇಲೆ ಅದನ್ನು ಒಪ್ಪ ಮಾಡಿ ಇಡುವ ಕೆಲಸ ಯಾರ ಪಾಲಿಗೆ ಬಿತ್ತೆಂದು ಬಿಡಿಸಿ ಹೇಳಬೇಕೆ?

ಇತ್ತೀಚೆಗೆ ಈ ಗಾಡಿಗೆ ಮತ್ತೆ ಜೀವ ಬಂದದ್ದಕ್ಕೆ ‘ಮ್ಯಾಡ್ ಮೆನ್’ ಎಂಬ ಅಮೆರಿಕದ ಧಾರಾವಾಹಿಯನ್ನು ಕಾರಣವಾಗಿ ಹೇಳುತ್ತಾರೆ. 2007ರಿಂದ 2015ರವರೆಗೆ ಬಂದ ಅದನ್ನು ನಾನು ಮಗನ ಲ್ಯಾಪ್‌ಟಾಪಿನಲ್ಲಿ ರಜೆಯ ದಿನಗಳಲ್ಲಿ ನೋಡಿದೆ. 1960ರ ದಶಕದ ನ್ಯೂಯಾರ್ಕಿನ ಜಾಹೀರಾತು ಕಂಪನಿಯೊಂದರ ಕಥೆ. ಆಫೀಸಿನ ಕೋಣೆಗಳಲ್ಲೇ ಬಾಟಲಿ, ಲೋಟ, ಹೂಜಿ. ಬೆಳಕು ಬಿದ್ದು ಹೊಳೆಯುವ ಆ ಗಾಜನ್ನು ಕಂಡು ಜನ ಮನಸೋತರಂತೆ. ಸೋಲುವಂತೆಯೇ ತೆಗೆದಿದ್ದಾರೆ, ಸುಳ್ಳಲ್ಲ. ಆದರೆ ಆ ಧಾರಾವಾಹಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕುಡಿದು ಆಫೀಸಿನಲ್ಲೇ ಬಟ್ಟೆ ಒದ್ದೆ ಮಾಡಿಕೊಂಡ ಹಿರಿಯ ನೌಕರನೊಬ್ಬನನ್ನು ಮನೆಗೆ ಕಳಿಸುವ ಪ್ರಸಂಗ ಅದರಲ್ಲಿದೆ. ನಾಯಕನೇ ಕುಡಿತದಿಂದ ಮಾನ ಕಳೆದುಕೊಳ್ಳುವುದಿದೆ. ಪುಟ್ಟ ಮಗಳು ದೊಡ್ಡವರಿಗೆ ಮದ್ಯ ಬೆರೆಸಿಕೊಡುವುದನ್ನು ಆಟದಂತೆ ಕಲಿಯುವ ದೃಶ್ಯವಿದೆ. ಮೂವತ್ತು ವರ್ಷ ಮಕ್ಕಳ ನಡುವೆ ಇದ್ದ ನನಗೆ ಅದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಅದರಲ್ಲಿ ನನಗೆ ಮರೆಯಲಾಗದ್ದು ನಾಯಕನ ಹೆಂಡತಿ ಬೆಟ್ಟಿಯ ಔತಣದ ಪ್ರಸಂಗ. ಆಕೆ ದಿನವಿಡೀ ದುಡಿದು, ಬೇರೆ ಬೇರೆ ದೇಶದ ಅಡುಗೆ ಮಾಡಿ, ಗಂಡನ ಆಫೀಸಿನವರನ್ನು ಕರೆಯುತ್ತಾಳೆ. ಅಂಗಡಿಯಲ್ಲಿ ಚೆಂದವಾಗಿ ಜೋಡಿಸಿಟ್ಟಿದ್ದ ಹೈನೆಕೆನ್ ಬಿಯರನ್ನು ತಾನೇ ಆರಿಸಿ ತಂದಿರುತ್ತಾಳೆ. ಅದನ್ನು ಮೇಜಿಗೆ ತಂದಾಗ ಗಂಡಸರು ನಗುತ್ತಾರೆ. ಏಕೆಂದರೆ ಇಂಥ ಗೃಹಿಣಿಯರು ಇದನ್ನೇ ಕೊಳ್ಳುತ್ತಾರೆಂದು ಆ ಕಂಪನಿ ಮೊದಲೇ ಲೆಕ್ಕ ಹಾಕಿತ್ತು. ಅದಕ್ಕೆ ಸಾಕ್ಷಿಯಾಗಿ ನಾಯಕನ ಸ್ವಂತ ಹೆಂಡತಿಯೇ ಸಿಕ್ಕಿದ್ದಳು. ತನ್ನ ಅಭಿರುಚಿ ಎಂದುಕೊಂಡದ್ದು ಇನ್ನೊಬ್ಬರ ಲೆಕ್ಕಾಚಾರವೆಂದು ತಿಳಿದಾಗ ಆಕೆಗಾದ ಅವಮಾನ ಇದೆಯಲ್ಲ, ಮನೆ ಅಲಂಕಾರದ ಪುಟ ಓದುವ ಪ್ರತಿಯೊಬ್ಬ ಹೆಂಗಸೂ ಅದನ್ನೊಮ್ಮೆ ನೋಡಬೇಕು. ಅಲಂಕಾರದ ಪುಟದವರು ಮಾಡಿದ್ದೇನು? ಧಾರಾವಾಹಿಯಿಂದ ಗಾಡಿಯನ್ನು ಮಾತ್ರ ಎತ್ತಿಕೊಂಡು ಬೆಟ್ಟಿಯನ್ನು ಅಲ್ಲೇ ಬಿಟ್ಟು ಬಂದರು. ರಾಮಾಯಣದಿಂದ ಬಂಗಾರದ ಜಿಂಕೆಯನ್ನಷ್ಟೇ ತಂದು ಶೋಕೇಸಿನಲ್ಲಿ ಇಟ್ಟ ಹಾಗೆ!

ನೀತಿಯ ಮಾತು ಹಾಗಿರಲಿ. ಕುಡಿಯುವವರ ದೃಷ್ಟಿಯಿಂದ ನೋಡಿದರೂ ಈ ಸಿಂಗಾರ ಒಪ್ಪುವಂಥದ್ದಲ್ಲ. ಆ ಕೆತ್ತನೆಯ ಹೂಜಿಯನ್ನೇ ತೆಗೆದುಕೊಳ್ಳಿ. ಹಳೆಯ ಬಗೆಯ ಹರಳುಗಾಜಿನಲ್ಲಿ ಶೇಕಡಾ 24 ಅಥವಾ ಅದಕ್ಕೂ ಹೆಚ್ಚು ಸೀಸದ ಆಕ್ಸೈಡು ಇರುತ್ತದೆ. ಹೊಳಪು ಬರುವುದೇ ಅದರಿಂದ. ಅದರಲ್ಲಿ ಮದ್ಯವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಇಟ್ಟರೆ ಸೀಸ ಅದರೊಳಕ್ಕೆ ಇಳಿಯುತ್ತದೆ. ಅಂದರೆ ನೋಡಲು ಇಡುವ ಪಾತ್ರೆಯಲ್ಲಿ ಕುಡಿಯುವುದನ್ನು ಇಡಬಾರದು. ವರ್ಮತ್ ಎಂಬ ದ್ರಾಕ್ಷಿಮದ್ಯದ ಬಾಟಲಿಯೂ ಚಿತ್ರಗಳಲ್ಲಿ ತಪ್ಪದೆ ಕಾಣುತ್ತದೆ. ಮುಚ್ಚಳ ತೆಗೆದ ಮೇಲೆ ಅದು ಇರಬೇಕಾದದ್ದು ಫ್ರಿಜ್ಜಿನಲ್ಲಿ. ವೈನಿಗೆ ಬಿಸಿಲು ಆಗದು, ಚಿತ್ರಗಳಲ್ಲಾದರೋ ಗಾಡಿಯನ್ನು ಕಿಟಕಿಯ ಬೆಳಕಿಗೇ ತಂದು ನಿಲ್ಲಿಸಿರುತ್ತಾರೆ. ಉಪ್ಪಿನಕಾಯಿ ಜಾಡಿಯನ್ನು ಅಂದಕ್ಕೆಂದು ಬಾಯಿ ತೆರೆದು ಹಜಾರದಲ್ಲಿಟ್ಟರೆ ನಮ್ಮ ಅಜ್ಜಿಯಂದಿರು ಸುಮ್ಮನಿರುತ್ತಿದ್ದರೆ? ಒಳಗಿರುವ ವಸ್ತುವಿನ ಮೇಲೆ ಗೌರವವಿಲ್ಲದ ಅಲಂಕಾರ ಇದು.

ಇನ್ನು ಚೀಟಿ ಮುಂದೆ ತಿರುಗಿಸಿಡುವ ಮಾತು. ನಮ್ಮ ದೇಶದಲ್ಲಿ 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಟಿ.ವಿ.ಯಲ್ಲಿ ಮದ್ಯದ ಜಾಹೀರಾತು ಕೂಡದು. ಅದಕ್ಕೇ ಕಂಪನಿಯವರು ಸೋಡಾ, ಸಂಗೀತದ ಸಿ.ಡಿ. ಎಂದೆಲ್ಲ ವೇಷ ಹಾಕಿ ಬಂದದ್ದು. ಟಿ.ವಿ.ಗೆ ಬರಲಾಗದ ಹೆಸರನ್ನು ಟಿ.ವಿ.ಯ ಪಕ್ಕದಲ್ಲೇ ಹೂವಿಟ್ಟು ನಾವೇ ನಿಲ್ಲಿಸಿದರೆ ಅವರಿಗೆ ಖರ್ಚಿಲ್ಲದ ಜಾಹೀರಾತು. ಒರೆಸಿ ಫಳಫಳ ಹೊಳೆಯಿಸುವ ಕೂಲಿಯೂ ನಮ್ಮದೇ.

ಇಷ್ಟೆಲ್ಲ ಬರೆಯುವಾಗ ನನ್ನ ಎದುರು ಒಬ್ಬಳು ನಿಂತು ವಾದಿಸುತ್ತಿದ್ದಾಳೆ. ಅವಳು ನನ್ನ ಅಕ್ಕನ ಮಗಳು. ಬೆಂಗಳೂರಿನಲ್ಲಿ ಕೆಲಸ, ಅಪಾರ್ಟ್‌ಮೆಂಟಿನಲ್ಲಿ ಮನೆ. ಅವಳ ಹಜಾರದಲ್ಲೂ ಇಂಥದೊಂದು ಗಾಡಿಯಿದೆ. ಕಳೆದ ವರ್ಷ ಹೋದಾಗ ನಾನು ಅದರ ಕಡೆ ನೋಡಿ ನೋಡದಂತೆ ಕುಳಿತಿದ್ದೆ. ಅವಳೇ ಮಾತು ತೆಗೆದಳು. “ಚಿಕ್ಕಮ್ಮ, ನಿಮಗೆ ಇಷ್ಟ ಆಗ್ಲಿಲ್ಲ ಅಂತ ಗೊತ್ತು. ಆದ್ರೆ ಅಪ್ಪ ಬೀರುವಿನಲ್ಲಿ ಬಟ್ಟೆ ಹಿಂದೆ ಬಚ್ಚಿಡ್ತಿದ್ರು. ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂರು ಜನವೂ ಗೊತ್ತಿಲ್ಲದ ಹಾಗೆ ಊಟ ಮಾಡ್ತಿದ್ವಿ. ನನ್ನ ಮನೇಲಿ ಬಚ್ಚಿಡೋದು ಬೇಡ ಅಂತ ನಾನೇ ಇಟ್ಟಿದ್ದು.”

ಆ ಮಾತಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಭಾವ ಹೋಗಿ ಎಷ್ಟೋ ವರ್ಷವಾಯಿತು. ಬೀರುವಿನ ಬಾಗಿಲು ಕಿರ್ ಎಂದ ಕೂಡಲೇ ಅಕ್ಕನ ಕೈ ಒಗ್ಗರಣೆ ಸೌಟಿನ ಮೇಲೆ ತಡೆದು ನಿಲ್ಲುತ್ತಿದ್ದುದನ್ನು ನಾನೂ ಕಂಡವಳೇ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮರ್ಯಾದೆ ಎಂದರೆ ಬಹುಪಾಲು ಬಚ್ಚಿಡುವುದೇ ಆಗಿತ್ತು. ಅದರ ಭಾರ ಹೊತ್ತವರು ಹೆಂಗಸರು. ಹಾಗೆ ನೋಡಿದರೆ ಹುಡುಗಿಯ ತೆರೆದ ಗಾಡಿ ನಮ್ಮ ಮುಚ್ಚಿದ ಬೀರುವಿಗಿಂತ ಪ್ರಾಮಾಣಿಕ. ಇದನ್ನು ಒಪ್ಪದೆ ಗಾಡಿಯನ್ನು ಹಳಿದರೆ ನನ್ನ ವಿಮರ್ಶೆಗೆ ಬೆಲೆಯಿಲ್ಲ.

ಆದರೂ ಒಂದು ಅನುಮಾನ ಉಳಿಯುತ್ತದೆ. ಕಣ್ಣಿಗೆ ಕಾಣುವಂತೆ ಇಟ್ಟ ಮಾತ್ರಕ್ಕೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದಂತಾಯಿತೆ? ಬೀರುವಿನಲ್ಲಿ ಬಟ್ಟೆ ಮರೆಮಾಡಿತ್ತು. ಇಲ್ಲಿ ಹೂವು, ಪುಸ್ತಕ, ನಿಂಬೆಹಣ್ಣು ಮರೆಮಾಡುತ್ತವೆ. ಎಷ್ಟು ಖರ್ಚಾಯಿತು, ಎಷ್ಟು ಖಾಲಿಯಾಯಿತು, ಖಾಲಿ ಮಾಡಿದವರು ಮರುದಿನ ಹೇಗಿದ್ದರು ಎಂಬುದು ಅಲ್ಲೂ ಕಾಣುತ್ತಿರಲಿಲ್ಲ, ಇಲ್ಲೂ ಕಾಣುವುದಿಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಆ ಮಾತಿಗೆ ಹಿತ್ತಾಳೆಯ ತಟ್ಟೆಯಲ್ಲಿ ಜಾಗವಿಲ್ಲ.

ಇನ್ನೊಂದು ಮರೆಯೂ ಇದೆ, ಅದು ಬಡವರದು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಲಾಸ್ಟಿಕ್ ಪೊಟ್ಟಣದ ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. 2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಚಳಿಯಲ್ಲಿ ನಡೆದೇ ಹೋದರು. ಅವರ ಮನೆಗಳಲ್ಲಿ ಮದ್ಯವನ್ನು ಸಿಂಗರಿಸಿಡುವ ಪ್ರಶ್ನೆಯೇ ಏಳದು. ಅಕ್ಕಿಯ ದುಡ್ಡು ಉಳಿಯುವುದೇ ಎಂಬುದು ಅಲ್ಲಿನ ಪ್ರಶ್ನೆ. ಅದೇ ವಸ್ತು ಗುಡಿಸಲಿನಲ್ಲಿದ್ದರೆ ದುಶ್ಚಟ, ಹರಳುಗಾಜಿನಲ್ಲಿದ್ದರೆ ಅಭಿರುಚಿ. ಈ ಎರಡು ಹೆಸರುಗಳ ನಡುವಿನ ಅಂತರವನ್ನು ಹುಟ್ಟಿಸುವುದರಲ್ಲಿ ಅಲಂಕಾರದ ಪಾತ್ರ ಸಣ್ಣದಲ್ಲ. ನಾನು ಈ ಸಾಹಿತ್ಯ ಪ್ರಕಾರವನ್ನು ಮೆಚ್ಚದಿರುವುದಕ್ಕೆ ದೊಡ್ಡ ಕಾರಣ ಇದೇ.

ಹಾಗಾದರೆ ಗಾಡಿಯನ್ನು ಏನು ಮಾಡೋಣ? ಮಾರಿಬಿಡಿ ಎಂದು ನಾನು ಹೇಳುವುದಿಲ್ಲ. ಅದರ ಹುಟ್ಟುಗುಣ ಒಳ್ಳೆಯದು. ಮಂಡಿನೋವಿರುವ ನನ್ನ ವಯಸ್ಸಿನವರಿಗೆ, ಅಡುಗೆಮನೆಯಿಂದ ಹಜಾರಕ್ಕೆ ಆರು ಸಲ ಓಡಾಡುವವರಿಗೆ ಅದು ವರ. ಭಾರದ ಸಾಮಾನು ಕೆಳಗಿನ ಅಂತಸ್ತಿನಲ್ಲಿರಲಿ. ಮೇಲೆ ಭಾರ ಹೇರಿದರೆ ಹೊಸ್ತಿಲಿನ ಬಳಿ ಮಗುಚುತ್ತದೆ. ಗಾಲಿ ದೊಡ್ಡದಿರಲಿ, ತಡೆಯುವ ಕೊಂಡಿ ಇರಲಿ. ಕಾಫಿಯ ಫಿಲ್ಟರು, ಮಜ್ಜಿಗೆಯ ಹೂಜಿ, ಕೋಡುಬಳೆಯ ಡಬ್ಬಿ ಇವಕ್ಕೂ ಎತ್ತರ ತಗ್ಗು ಇರುತ್ತದೆ, ಬೇಕಾದರೆ ಬೆಸ ಸಂಖ್ಯೆಯಲ್ಲೇ ಜೋಡಿಸಿ. ಯಾರದೋ ಮನೆಯಲ್ಲಿ ಮದ್ಯವೂ ಇರುವುದಾದರೆ, ಇರುವಷ್ಟೇ ಇರಲಿ, ಅದಕ್ಕೆ ಹೂವಿನ ಮರೆ ಬೇಡ. ಮಗು ಕೇಳಿದಾಗ ಅದೇನೆಂದು ನೇರವಾಗಿ ಹೇಳುವ ಧೈರ್ಯ ಮನೆಯ ದೊಡ್ಡವರಿಗಿರಲಿ. ಮತ್ತೊಂದು ಮಾತು: ಗಾಡಿಯನ್ನು ಹಜಾರಕ್ಕೆ ತಳ್ಳಿ ತಂದವಳು ಹೆಂಡತಿಯಾದರೆ, ಎಂಜಲು ಲೋಟಗಳೊಂದಿಗೆ ಅದನ್ನು ಒಳಕ್ಕೆ ತಳ್ಳಿಕೊಂಡು ಹೋಗಿ ತೊಳೆದಿಡುವವನು ಗಂಡನಾಗಲಿ. ಇಂಥದೊಂದು ಚಿತ್ರವನ್ನು ಯಾವುದಾದರೂ ಅಲಂಕಾರದ ಪುಟದಲ್ಲಿ ನೀವು ಕಂಡಿದ್ದರೆ ದಯವಿಟ್ಟು ನನಗೂ ಕತ್ತರಿಸಿ ಕಳಿಸಿ.